ಬೆಲೆಯಿದೆ, ನೆಲೆಯಿಲ್ಲ: ಚೀನಾದಲ್ಲಿ ಬಿಳಿಯ ವಲಸಿಗರ ದಿನನಿತ್ಯದ ಬದುಕು

ಚೀನಾದ ನಗರಗಳ ದುಬಾರಿ ಖಾಸಗಿ ಶಿಶುವಿಹಾರಗಳಲ್ಲಿ ಕಳೆದ ದಶಕದಲ್ಲಿ ಒಂದು ಪದ್ಧತಿ ರೂಢಿಯಾಗಿತ್ತು. ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ವಿದೇಶಿ ಶಿಕ್ಷಕ ಗೇಟಿನ ಬಳಿ ನಿಂತು, ಒಂದೊಂದು ಮಗುವಿಗೂ ಇಂಗ್ಲಿಷಿನಲ್ಲಿ ಶುಭೋದಯ ಹೇಳಿ ಬರಮಾಡಿಕೊಳ್ಳಬೇಕಿತ್ತು. ತಾಯಂದಿರು, ಅಜ್ಜಿಯರು ಅದನ್ನು ಫೋನಿನಲ್ಲಿ ಸೆರೆಹಿಡಿದು ಚೀನಾದ ಸಂದೇಶ ಆ್ಯಪ್ ವೀಚಾಟಿನಲ್ಲಿ ಹಾಕುತ್ತಿದ್ದರು. ಶಾಲೆಯೂ ಅದೇ ಚಿತ್ರವನ್ನು ಮುಂದಿನ ವರ್ಷದ ಪ್ರವೇಶದ ಜಾಹೀರಾತಿಗೆ ಬಳಸಿಕೊಳ್ಳುತ್ತಿತ್ತು. ಒಳಗೆ ಮಕ್ಕಳ ಮೂಗು ಒರೆಸಿ, ಊಟ ಮಾಡಿಸಿ, ಪಾಠವನ್ನು ಮತ್ತೆ ಮತ್ತೆ ಹೇಳಿಕೊಟ್ಟು ತರಗತಿಯನ್ನು ನಡೆಸುತ್ತಿದ್ದವರು ಚೀನೀ ಶಿಕ್ಷಕಿಯರು. ಗೇಟಿನ ಬಳಿ ನಿಂತವನಿಗೆ ಅವರಿಗಿಂತ ಬಹಳ ಹೆಚ್ಚಿನ ಸಂಬಳ. ಆದರೆ ಶಾಲೆಯ ಪಠ್ಯಕ್ರಮ ಹೇಗಿರಬೇಕು ಎಂಬ ಮಾತುಕತೆಗೆ ಅವನನ್ನು ಕರೆಯುತ್ತಿದ್ದುದು ಕಡಿಮೆ. ಅವನ ಕೆಲಸದ ಮುಖ್ಯ ಭಾಗ ಕಣ್ಣಿಗೆ ಬೀಳುವುದು.

ಚೀನಾದಲ್ಲಿ ಬಿಳಿಯ ವಲಸಿಗರ ಸ್ಥಾನವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ತುದಿಗಳ ನಡುವೆ ಓಲಾಡುತ್ತದೆ. ಅವರು ವಸಾಹತು ಕಾಲದ ಯಜಮಾನಿಕೆಯನ್ನು ಹೊಸ ವೇಷದಲ್ಲಿ ಮುಂದುವರಿಸುತ್ತಿರುವ ಸುಖಿಗಳು ಎನ್ನುವವರು ಒಂದು ಕಡೆ. ಹುಟ್ಟೂರಿನಲ್ಲಿ ಎಂದೂ ಅನುಭವಿಸದ ಜನಾಂಗೀಯ ತಾರತಮ್ಯಕ್ಕೆ ಮೊದಲ ಬಾರಿಗೆ ಗುರಿಯಾದವರು ಎನ್ನುವವರು ಇನ್ನೊಂದು ಕಡೆ. ನನ್ನ ಅಭಿಪ್ರಾಯದಲ್ಲಿ ಈ ಎರಡೂ ಒಂದೇ ವ್ಯವಸ್ಥೆಯಿಂದ ಹುಟ್ಟಿದವು. ಮಾರುಕಟ್ಟೆ ಬಿಳಿಯ ಮೈಬಣ್ಣಕ್ಕೆ ಬೆಲೆ ಕಟ್ಟುತ್ತದೆ, ಪ್ರಭುತ್ವ ಅದಕ್ಕೆ ಯಾವ ಹಕ್ಕನ್ನೂ ಜೋಡಿಸುವುದಿಲ್ಲ. ಸಮಾಜ ಆ ಬಣ್ಣವನ್ನು ಒಮ್ಮೆ ಮೆಚ್ಚುಗೆಯಿಂದಲೂ ಇನ್ನೊಮ್ಮೆ ಅನುಮಾನದಿಂದಲೂ ನೋಡುತ್ತದೆ. ಮೆಚ್ಚುಗೆಯಾಗಲಿ ಅನುಮಾನವಾಗಲಿ, ಬಣ್ಣದ ಹಿಂದಿರುವ ವ್ಯಕ್ತಿಗೆ ಸಲ್ಲುವುದು ಅಪರೂಪ.

ಮೊದಲಿಗೆ ಸಂಖ್ಯೆಯನ್ನು ನೋಡಬೇಕು, ಏಕೆಂದರೆ ಇಡೀ ವಿಷಯದ ಗಾತ್ರ ಎಷ್ಟು ಚಿಕ್ಕದು ಎಂಬುದು ಅದರಿಂದ ಗೊತ್ತಾಗುತ್ತದೆ. 2020ರ ಜನಗಣತಿಯ ಪ್ರಕಾರ 140 ಕೋಟಿ ಜನರಿರುವ ಚೀನಾದ ಮುಖ್ಯ ಭೂಭಾಗದಲ್ಲಿದ್ದ ವಿದೇಶಿ ಪ್ರಜೆಗಳು 8,45,697 ಮಾತ್ರ. ಅವರಲ್ಲಿ ಅತಿ ದೊಡ್ಡ ಗುಂಪು ಯುನ್ನಾನ್ ಪ್ರಾಂತ್ಯದ ಗಡಿ ದಾಟಿ ಬಂದ ಮ್ಯಾನ್ಮಾರಿನವರದು, ಮೂರೂವರೆ ಲಕ್ಷಕ್ಕೂ ಹೆಚ್ಚು. ಅಮೆರಿಕದ ಪ್ರಜೆಗಳು ಸುಮಾರು 55 ಸಾವಿರ. ಹತ್ತು ವರ್ಷ ಹಿಂದೆ ಅವರು 71 ಸಾವಿರಕ್ಕೂ ಹೆಚ್ಚಿದ್ದರು. ಅವರಲ್ಲೂ ಚೀನೀ ಮೂಲದವರು ಇದ್ದೇ ಇರುತ್ತಾರೆ. ಹಾಗಿದ್ದೂ ಸಾಮಾನ್ಯ ಚೀನೀಯರು ಆಡುಮಾತಿನಲ್ಲಿ ವಿದೇಶಿಯನ್ನು ‘ಲಾವೊವಾಯ್’ ಎಂದಾಗ ಅವರ ಮನಸ್ಸಿನಲ್ಲಿ ಮೂಡುವುದು ಗಡಿಯೂರಿನ ಕಬ್ಬಿನ ಗದ್ದೆಯಲ್ಲಿ ದುಡಿಯುವ ಮ್ಯಾನ್ಮಾರಿನವನ ಮುಖವಲ್ಲ. ಶಾಂಘೈ, ಬೀಜಿಂಗ್, ಶೆನ್ಜೆನ್‌ಗಳ ಬೀದಿಯಲ್ಲಿ ಕಾಣುವ ಎತ್ತರದ ಮೂಗಿನ, ಬಿಳಿ ಚರ್ಮದ ಮುಖ. ಎಣಿಕೆಯಲ್ಲಿ ಅಲ್ಪವಾದ ಗುಂಪೊಂದು ‘ವಿದೇಶಿ’ ಎಂಬ ಇಡೀ ಕಲ್ಪನೆಯನ್ನೇ ಆಕ್ರಮಿಸಿಕೊಂಡಿದೆ.

ಈ ಕಲ್ಪನೆಗೆ ಇತಿಹಾಸವಿದೆ. 1842ರ ನಾಂಜಿಂಗ್ ಒಪ್ಪಂದ ಐದು ಬಂದರುಗಳನ್ನು ತೆರೆಯಿತು. ಅದರ ಬೆನ್ನಿಗೇ ಬಂದ ಒಪ್ಪಂದಗಳು ಬ್ರಿಟಿಷರು, ಅಮೆರಿಕನ್ನರು, ಫ್ರೆಂಚರು ಚೀನಾದ ನೆಲದ ಮೇಲೆ ತಪ್ಪು ಮಾಡಿದರೂ ಚೀನಾದ ನ್ಯಾಯಾಲಯ ಅವರನ್ನು ಮುಟ್ಟದಂತೆ ಮಾಡಿದವು. ಬ್ರಿಟನ್ ಮತ್ತು ಅಮೆರಿಕ ಆ ಹಕ್ಕನ್ನು ಬಿಟ್ಟುಕೊಟ್ಟದ್ದು 1943ರಲ್ಲಿ. ಒಂದು ಶತಮಾನದ ಆ ಅವಮಾನ ಇಂದಿಗೂ ಶಾಲಾ ಪಠ್ಯದಲ್ಲಿ ಹಸಿಯಾಗಿದೆ. ಅದೇ ಕಾಲದಲ್ಲಿ, 19ನೇ ಶತಮಾನದ ಕೊನೆಯಲ್ಲಿ, ಯಾನ್ ಫು ಅವರಂಥ ಸುಧಾರಕರು ಪಶ್ಚಿಮದ ವಿಕಾಸವಾದವನ್ನು ಚೀನೀ ಭಾಷೆಗೆ ತಂದರು. ಕಾಂಗ್ ಯೂವೆಯ್, ಲಿಯಾಂಗ್ ಚಿಚಾವೊ ಅವರಂಥವರು ಜಗತ್ತನ್ನು ಬಣ್ಣದ ಜನಾಂಗಗಳ ಪೈಪೋಟಿಯಾಗಿ ಕಂಡು, ಬಿಳಿಯರನ್ನೂ ಹಳದಿಯರನ್ನೂ ಮೇಲಿನ ಸಾಲಿನಲ್ಲಿ, ಕಪ್ಪು ಮತ್ತು ಕಂದು ಬಣ್ಣದವರನ್ನು ಕೆಳಗಿನ ಸಾಲಿನಲ್ಲಿ ಇಟ್ಟರು. ಬಿಳಿಯರು ಎದುರಾಳಿಗಳೂ ಹೌದು, ಸರಿಸಮಾನರಾಗಿ ನಿಲ್ಲಬೇಕಾದ ಮಾದರಿಗಳೂ ಹೌದು ಎಂಬ ಅಂದಿನ ನಿಲುವು ಇಂದಿನ ಅಂತರ್ಜಾಲದ ವಾದಗಳಲ್ಲೂ ಹೆಚ್ಚೇನೂ ಬದಲಾಗದೆ ಉಳಿದಿದೆ.

ಆದರೆ ಆ ಕಾಲದ ಎಲ್ಲ ಬಿಳಿಯರೂ ಒಡೆಯರಾಗಿರಲಿಲ್ಲ. 1917ರ ಕ್ರಾಂತಿಯ ನಂತರ ಓಡಿಬಂದು ಹಾರ್ಬಿನ್ ಮತ್ತು ಶಾಂಘೈಗಳಲ್ಲಿ ನೆಲೆಸಿದ ಸಾವಿರಾರು ರಷ್ಯನ್ನರಿಗೆ ದೇಶವೂ ಇರಲಿಲ್ಲ, ಒಪ್ಪಂದಗಳ ರಕ್ಷಣೆಯೂ ಇರಲಿಲ್ಲ. ಅವರ ಮೇಲಿನ ಮೊಕದ್ದಮೆಗಳು ಚೀನಾದ ಕಾನೂನಿನಡಿಯೇ ನಡೆಯುತ್ತಿದ್ದವು. ಸೇನಾಧಿಕಾರಿಗಳಾಗಿದ್ದವರು ಚೀನೀ ವ್ಯಾಪಾರಿಗಳ ಅಂಗರಕ್ಷಕರಾದರು. ಹೆಂಗಸರು ನೃತ್ಯಶಾಲೆಗಳಲ್ಲಿ ಕೂಲಿಗೆ ಕುಣಿದರು. ಇದನ್ನು ಕಂಡು ಕಸಿವಿಸಿಗೊಂಡವರು ಶಾಂಘೈನ ಬ್ರಿಟಿಷರು. ಬಡ ಬಿಳಿಯರು ಬೀದಿಯಲ್ಲಿ ಕಾಣಿಸಿಕೊಂಡರೆ ಬಿಳಿಯ ಬಣ್ಣದ ಪ್ರತಿಷ್ಠೆಯೇ ಕುಸಿದೀತು ಎಂದು ಅವರು ಬಹಿರಂಗವಾಗಿಯೇ ಆತಂಕಪಟ್ಟರು. ಬಣ್ಣದ ಮರ್ಯಾದೆ ನಿಂತಿರುವುದು ಅದರ ಹಿಂದಿನ ರಾಜ್ಯಶಕ್ತಿಯ ಬಲದಿಂದ ಎಂಬುದು ಆಗಲೇ ಸ್ಪಷ್ಟವಾಗಿತ್ತು. 1949ರ ನಂತರ ಪಶ್ಚಿಮದವರಲ್ಲಿ ಹೆಚ್ಚಿನವರು ಹೊರಟುಹೋದರು. ಬಂದ ಸೋವಿಯತ್ ತಜ್ಞರು ಬೀಜಿಂಗಿನ ಫ್ರೆಂಡ್‌ಶಿಪ್ ಹೋಟೆಲಿನಂಥ ಪ್ರತ್ಯೇಕ ಆವರಣಗಳಲ್ಲಿ ಅತಿಥಿಗಳಾಗಿದ್ದು, 1960ರಲ್ಲಿ ಒಮ್ಮೆಲೇ ವಾಪಸಾದರು. ಆಮೇಲಿನ ಆರ್ಥಿಕ ಸುಧಾರಣೆಯ ಯುಗದಲ್ಲೂ ಆ ಗೋಡೆಗಳು ಥಟ್ಟನೆ ಬೀಳಲಿಲ್ಲ. 1980ರಿಂದ 1994ರವರೆಗೆ ವಿದೇಶಿಯರ ಕೈಯಲ್ಲಿದ್ದ ಕಾಗದದ ಹಣವೂ ಬೇರೆ, ಅವರು ಸಾಮಾನು ಕೊಳ್ಳುತ್ತಿದ್ದ ಅಂಗಡಿಯೂ ಬೇರೆ.

ಇಂದಿನ ಬಿಳಿಯ ವಲಸಿಗರನ್ನು ದೊಡ್ಡ ಸಂಖ್ಯೆಯಲ್ಲಿ ಚೀನಾಕ್ಕೆ ಕರೆತಂದದ್ದು ಬಹುರಾಷ್ಟ್ರೀಯ ಕಂಪನಿಗಳಿಗಿಂತ ಹೆಚ್ಚಾಗಿ ಇಂಗ್ಲಿಷ್ ಕಲಿಕೆಯ ಮಾರುಕಟ್ಟೆ. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು, ಅದೇ ವರ್ಷ ಬೀಜಿಂಗ್ ಒಲಿಂಪಿಕ್ಸ್ ಆತಿಥ್ಯವನ್ನು ಗೆದ್ದಿತು. ಪ್ರಾಥಮಿಕ ಶಾಲೆಯಿಂದಲೇ ಇಂಗ್ಲಿಷ್ ಕಡ್ಡಾಯವಾಯಿತು. ಒಂದೇ ಮಗುವಿರುವ ಮಧ್ಯಮವರ್ಗದ ಮನೆಗಳು ಆ ಮಗುವಿನ ಇಂಗ್ಲಿಷಿಗೆ ಹಣ ಸುರಿಯಲು ಸಿದ್ಧವಾದವು. ಕಾನೂನು ಕಾಗದದ ಮೇಲೆ ಬಣ್ಣದ ಮಾತೆತ್ತುವುದಿಲ್ಲ. 2017ರ ಏಪ್ರಿಲ್‌ನಿಂದ ದೇಶವಿಡೀ ಜಾರಿಯಾದ ಪರವಾನಗಿ ಪದ್ಧತಿ ವಿದೇಶಿ ಕೆಲಸಗಾರರನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಅಂಕಗಳ ಲೆಕ್ಕದಲ್ಲಿ 85 ದಾಟಿದವರು ಪ್ರೋತ್ಸಾಹಕ್ಕೆ ಅರ್ಹರು, 60 ದಾಟಿದವರು ನಿಯಂತ್ರಣಕ್ಕೆ ಒಳಪಟ್ಟವರು, ಉಳಿದವರಿಗೆ ಮಿತಿ. ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಪದವೀಧರರಾಗಿರಬೇಕು, ಸಾಮಾನ್ಯವಾಗಿ ಎರಡು ವರ್ಷದ ಅನುಭವವಿರಬೇಕು. ಇಂಗ್ಲಿಷಿನ ಮಟ್ಟಿಗೆ ಇದರ ಅರ್ಥ ವಾಸ್ತವದಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾಗಳ ಪಾಸ್‌ಪೋರ್ಟ್. ಬಾಲ್ಯದಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ಬೆಂಗಳೂರಿನ ಪದವೀಧರೆಗೂ ಈ ಪಟ್ಟಿಯಲ್ಲಿ ಜಾಗವಿಲ್ಲ.

ಮಾರುಕಟ್ಟೆ ಈ ಪಟ್ಟಿಯ ಮೇಲೆ ತನ್ನದೇ ಇನ್ನೊಂದು ಜರಡಿ ಹಿಡಿಯಿತು. ಅಮೆರಿಕದಲ್ಲೇ ಹುಟ್ಟಿ ಬೆಳೆದ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಸರಿಯಾಗಿ ಬಾರದ ಚೀನೀ ಮೂಲದ ಯುವತಿ ಸಂದರ್ಶನಕ್ಕೆ ಹೋದರೆ ‘ಪೋಷಕರು ಒಪ್ಪುವುದಿಲ್ಲ’ ಎಂಬ ಉತ್ತರ ಸಿಗುತ್ತಿತ್ತು, ಇಲ್ಲವೇ ಸಂಬಳ ಕಡಿಮೆಯಾಗುತ್ತಿತ್ತು. ಕಪ್ಪು ವರ್ಣದ ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕನ್ನರಿಗೂ ಇದೇ ಉತ್ತರ. ಕೆಲವು ಜಾಹೀರಾತುಗಳು ಬಿಳಿಯರೇ ಬೇಕು ಎಂದು ನೇರವಾಗಿ ಬರೆಯುತ್ತಿದ್ದವು, ಉಳಿದವು ಅರ್ಜಿಯ ಜೊತೆ ಭಾವಚಿತ್ರ ಕೇಳಿ ಸುಮ್ಮನಾಗುತ್ತಿದ್ದವು. ಇನ್ನೊಂದೆಡೆ, ಇಂಗ್ಲಿಷನ್ನು ತಡವರಿಸುತ್ತಾ ಮಾತಾಡುವ ರಷ್ಯಾದ, ಉಕ್ರೇನಿನ ಯುವಕನನ್ನು ಮಾಲೀಕನೇ ‘ಕೆನಡಾದವನು’ ಎಂದು ಪೋಷಕರಿಗೆ ಪರಿಚಯಿಸುತ್ತಿದ್ದ. ಹೀಗೆ ಭಾಷೆ ಬಲ್ಲವರು ಹೊರಗುಳಿದು, ಭಾಷೆ ಬಲ್ಲವರಂತೆ ಕಾಣುವವರು ಒಳಗೆ ಬಂದರು. ವಿದ್ಯೆಯ ಹೆಸರಿನಲ್ಲಿ ನಡೆದ ಈ ಅನ್ಯಾಯವನ್ನು ಗ್ರಾಹಕರ ಅಭಿರುಚಿ ಎಂದು ತಳ್ಳಿಹಾಕುವುದು ಸರಿಯಲ್ಲ. ತಮ್ಮ ಮಕ್ಕಳು ಏನನ್ನು ಕಲಿಯಬೇಕೆಂದು ಪೋಷಕರು ಬಯಸಿದ್ದರೋ ಅದಕ್ಕೇ ಇದು ಮೋಸ.

ಆ ಉಕ್ರೇನಿನ ಯುವಕನ ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಬಿಳಿ ಬಣ್ಣದ ಬೆಲೆ ಮತ್ತು ಅದರ ಅಭದ್ರತೆ ಒಟ್ಟಿಗೆ ಕಾಣುವುದು ಅವನಲ್ಲೇ. ಅವನ ಬಳಿ ಇರುವುದು ವಿದ್ಯಾರ್ಥಿ ವೀಸಾ ಅಥವಾ ವ್ಯಾಪಾರದ ವೀಸಾ. ಅನುಮತಿಯಿಲ್ಲದೆ ಅದರಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. 2013ರ ಜುಲೈನಲ್ಲಿ ಜಾರಿಗೆ ಬಂದ ವಲಸೆ ಕಾನೂನಿನ ಪ್ರಕಾರ ಹಾಗೆ ದುಡಿದವನಿಗೆ 5 ಸಾವಿರದಿಂದ 20 ಸಾವಿರ ಯುವಾನ್ ದಂಡ. ಪ್ರಕರಣ ಗಂಭೀರವಾಗಿದ್ದರೆ 5ರಿಂದ 15 ದಿನಗಳ ಬಂಧನ. ಆಮೇಲೆ ಗಡಿಪಾರೂ ಆಗಬಹುದು. ಕೆಲಸಕ್ಕಿಟ್ಟುಕೊಂಡವರಿಗೆ ತಲೆಗೆ 10 ಸಾವಿರ ಯುವಾನ್ ದಂಡ, ಅದೂ ಒಟ್ಟು ಒಂದು ಲಕ್ಷವನ್ನು ಮೀರುವಂತಿಲ್ಲ. ಶಾಲೆಗೆ ಇದು ವ್ಯಾಪಾರದ ಖರ್ಚು, ಅವನಿಗೆ ಬದುಕಿನ ಪ್ರಶ್ನೆ. ಸಂಬಳ ತಡೆಹಿಡಿದರೆ ಅವನು ಯಾರ ಬಳಿಯೂ ದೂರು ಕೊಡಲಾರ, ಏಕೆಂದರೆ ದೂರಿನ ಮೊದಲ ಸಾಲೇ ಅವನ ತಪ್ಪೊಪ್ಪಿಗೆಯಾಗುತ್ತದೆ. ದಲ್ಲಾಳಿಗೆ ಇದು ಚೆನ್ನಾಗಿ ಗೊತ್ತು.

2010ರ ಆಸುಪಾಸಿನ ರಿಯಲ್ ಎಸ್ಟೇಟ್ ಭರಾಟೆಯಲ್ಲಿ ಈ ಪ್ರದರ್ಶನ ತರಗತಿಯಿಂದಾಚೆಗೂ ಹಬ್ಬಿತು. ಒಳನಾಡಿನ ಹೊಸ ಬಡಾವಣೆಗಳಲ್ಲಿ ಮನೆ ಮಾರುವವರು ಉದ್ಘಾಟನೆಯ ದಿನ ಒಬ್ಬ ಬಿಳಿಯನಿಗೆ ಸೂಟು ತೊಡಿಸಿ ವೇದಿಕೆ ಹತ್ತಿಸುತ್ತಿದ್ದರು; ಅವನು ಒಂದು ದಿನ ವಾಸ್ತುಶಿಲ್ಪಿ, ಇನ್ನೊಂದು ದಿನ ಹೂಡಿಕೆದಾರ, ಮತ್ತೊಂದು ದಿನ ಸಂಗೀತಗಾರ. ಚೀನಾದಲ್ಲಿರುವ ವಿದೇಶಿಯರೇ ಇಂಥ ಕೆಲಸವನ್ನು ‘ಬಿಳಿ ಕೋತಿ’ಯ ಕೆಲಸ ಎಂದು ಕರೆಯುತ್ತಾ ಬಂದಿದ್ದಾರೆ. ದಿನಗೂಲಿಗೆ ನಿಂತವರ ಮನಸ್ಸಿನಲ್ಲಿ ಉಳಿಯುವ ಕಹಿ ಎಷ್ಟೆಂಬುದನ್ನು ಆ ಹೆಸರೇ ಹೇಳುತ್ತದೆ.

ದಿನನಿತ್ಯದ ಬೀದಿಯ ಬದುಕು ಬೇರೆ ಬಗೆಯದು. ಸಣ್ಣ ಊರುಗಳಲ್ಲಿ ಮಕ್ಕಳು ಬೆರಳು ತೋರಿಸಿ ಕೂಗುತ್ತಾರೆ. ಪ್ರವಾಸಿ ತಾಣಗಳಲ್ಲಿ ಅಪರಿಚಿತರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಟ್ಯಾಕ್ಸಿ ಹತ್ತಿದರೆ ಯಾವ ದೇಶ, ಎಷ್ಟು ಸಂಬಳ, ಮದುವೆಯಾಗಿದೆಯೇ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ‘ನೀ ಹಾವ್’ (ನಮಸ್ಕಾರ) ಎಂದರೆ ಸಾಕು, ಚೀನೀ ಭಾಷೆ ಎಷ್ಟು ಚೆನ್ನಾಗಿ ಬರುತ್ತದೆ ಎಂಬ ಹೊಗಳಿಕೆ; ಇಪ್ಪತ್ತು ವರ್ಷ ಇದ್ದು ಸ್ಥಳೀಯ ಉಪಭಾಷೆಯಲ್ಲಿ ಚೌಕಾಸಿ ಮಾಡುವವರಿಗೂ ಅದೇ ಹೊಗಳಿಕೆ. ಇದರಲ್ಲಿ ಕೇಡು ಬಯಸುವ ಭಾವ ಬಹುಪಾಲು ಇರುವುದಿಲ್ಲ. ಆದರೂ ತಾನು ಒಂದು ಜನಾಂಗಕ್ಕೆ ಸೇರಿದವನು ಎಂದು ಹುಟ್ಟೂರಿನಲ್ಲಿ ಎಂದೂ ಯೋಚಿಸಬೇಕಾಗಿ ಬಾರದವನಿಗೆ, ತನ್ನ ಹೆಸರಿಗೂ ವೃತ್ತಿಗೂ ಮೊದಲು ತನ್ನ ಚರ್ಮವೇ ಎಲ್ಲೆಡೆ ತಲುಪುವುದು ಹೊಸ ಅನುಭವ. ಕೆನಡಾದ ಮಾರ್ಕ್ ರೌಸ್‌ವೆಲ್ 1988ರಲ್ಲಿ ಟಿವಿಯ ಕಿರುನಾಟಕವೊಂದರಲ್ಲಿ ‘ದಾಶಾನ್’ ಆಗಿ ಮನೆಮಾತಾದರು, ಮುಂದೆ ಚೀನಾದ ಸಾಂಪ್ರದಾಯಿಕ ಹಾಸ್ಯ ಸಂಭಾಷಣೆಯ ಕಲೆಯನ್ನು ಗುರುಮುಖೇನ ಕಲಿತರು. ದಶಕಗಳ ಪ್ರೀತಿ ಗಳಿಸಿದ ಅವರೂ ಜನರಿಗೆ ‘ಚೀನೀ ಭಾಷೆ ಬಲ್ಲ ವಿದೇಶಿ’ಯಾಗಿಯೇ ಉಳಿದರು.

ಕಚೇರಿಗಳಲ್ಲಿ ಹೊರಗಿನವನೆಂಬ ಅರಿವು ಇನ್ನಷ್ಟು ಗಟ್ಟಿಯಾಗುತ್ತದೆ. ಮನೆ ಬದಲಿಸಿದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ನೋಂದಾಯಿಸಬೇಕು. ರೈಲಿನ ಟಿಕೆಟ್ಟಿನಿಂದ ಆಸ್ಪತ್ರೆಯ ಚೀಟಿಯವರೆಗೆ ಎಲ್ಲವೂ ಪ್ರಜೆಗಳ 18 ಅಂಕಿಯ ಗುರುತಿನ ಸಂಖ್ಯೆಯನ್ನು ನಂಬಿ ನಿಂತಿವೆ. ಪಾಸ್‌ಪೋರ್ಟಿನ ಸಂಖ್ಯೆಯನ್ನು ಬಹಳಷ್ಟು ಯಂತ್ರಗಳು, ಆ್ಯಪ್‌ಗಳು ಒಪ್ಪುತ್ತಿರಲಿಲ್ಲ. ಮೂರು ಪದಗಳ ಉದ್ದದ ಹೆಸರು ಒಂದು ಬ್ಯಾಂಕಿನಲ್ಲಿ ಒಂದು ಕ್ರಮದಲ್ಲಿ, ಇನ್ನೊಂದರಲ್ಲಿ ಬೇರೆ ಕ್ರಮದಲ್ಲಿ ದಾಖಲಾದರೆ ಹಣ ಸಿಕ್ಕಿಕೊಳ್ಳುತ್ತದೆ. ವಿದೇಶಿಯರಿಗೆ ಕೋಣೆ ಕೊಡುವುದಿಲ್ಲ ಎನ್ನುವ ಹೋಟೆಲುಗಳು ಎಷ್ಟಿದ್ದವೆಂದರೆ, ಹಾಗೆ ನಿರಾಕರಿಸುವಂತಿಲ್ಲ ಎಂದು 2024ರಲ್ಲಿ ಅಧಿಕಾರಿಗಳೇ ಸ್ಪಷ್ಟಪಡಿಸಬೇಕಾಯಿತು. ಈ ತೊಡಕುಗಳು ಬಿಳಿಯರಿಗಷ್ಟೇ ಮೀಸಲಲ್ಲ. ಕಾನೂನಿನ ಮುಂದೆ ಅವರೂ ಉಳಿದ ವಿದೇಶಿಯರಂತೆಯೇ ಎಂಬುದನ್ನು ಅವರು ನಿಜವಾಗಿ ಅರಿಯುವ ಜಾಗವೇ ಈ ಕೌಂಟರುಗಳು.

ಬಿಳಿಯರ ಈ ಅನುಭವವನ್ನು ಜನಾಂಗೀಯ ತಾರತಮ್ಯ ಎನ್ನುವಾಗ ಪಕ್ಕದಲ್ಲಿರುವವರ ಅನುಭವವನ್ನು ಮರೆಯಬಾರದು. 2020ರ ಏಪ್ರಿಲ್‌ನಲ್ಲಿ ಗುವಾಂಗ್‌ಜೌ ನಗರದ ಆಫ್ರಿಕನ್ನರನ್ನು ಕೋವಿಡ್ ಸೋಂಕಿನ ಶಂಕೆಯ ಮೇಲೆ ಬಾಡಿಗೆ ಮನೆಗಳಿಂದ, ಹೋಟೆಲುಗಳಿಂದ ಹೊರಹಾಕಲಾಯಿತು. ರಾತ್ರಿಯನ್ನು ಬೀದಿಯಲ್ಲಿ ಕಳೆದವರಿದ್ದರು. ಬೀಜಿಂಗಿನಲ್ಲಿದ್ದ ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ ಪ್ರತಿಭಟಿಸಿದರು. ಆ ದಿನಗಳಲ್ಲಿ ಬಿಳಿಯರಿಂದಲೂ ಜನ ದೂರ ಸರಿದರು, ಲಿಫ್ಟಿನಿಂದ ಇಳಿದುಹೋದರು, ಅಂಗಡಿಯ ಬಾಗಿಲಲ್ಲಿ ತಡೆದರು. ಹೊರಗಿನಿಂದ ಬಂದ ಸೋಂಕಿತರಲ್ಲಿ ಬಹುಪಾಲು ಮರಳಿದ ಚೀನೀ ಪ್ರಜೆಗಳೇ ಆಗಿದ್ದರೂ ‘ವಿದೇಶಿ’ ಎಂಬ ಮುಖಕ್ಕೆ ಅಂಟಿದ ಭಯ ಹೋಗಲಿಲ್ಲ. ಆದರೂ ಬಿಳಿಯರು ಸಾಮೂಹಿಕವಾಗಿ ಬೀದಿಪಾಲಾಗಲಿಲ್ಲ. ಲಿಫ್ಟಿನ ಆ ಅವಮಾನವನ್ನು ಅಲ್ಲಗಳೆಯಬೇಕಿಲ್ಲ, ಬೀದಿಯಲ್ಲಿ ಕಳೆದ ರಾತ್ರಿಗೆ ಅದನ್ನು ಸಮವೆನ್ನಲೂ ಆಗದು.

ಬಣ್ಣ ಮತ್ತು ಅನುಮಾನ ಅತಿ ತೀವ್ರವಾಗಿ ಎದುರುಬದುರಾಗುವುದು ಗಂಡು ಹೆಣ್ಣಿನ ಸಂಬಂಧದಲ್ಲಿ. ಚೀನೀ ತಾಯಿಗೂ ಬಿಳಿಯ ತಂದೆಗೂ ಹುಟ್ಟಿದ ಮಕ್ಕಳು ಜಾಹೀರಾತುಗಳ ಅಚ್ಚುಮೆಚ್ಚು. 2009ರಲ್ಲಿ ಶಾಂಘೈನ ಟಿವಿ ಸ್ಪರ್ಧೆಯೊಂದರಲ್ಲಿ ಹಾಡಿದ, ಕಪ್ಪು ವರ್ಣದ ಅಮೆರಿಕನ್ ತಂದೆಯ ಮಗಳಾದ ಯುವತಿಯ ಮೇಲೆ ಮಾತ್ರ ಅಂತರ್ಜಾಲದಲ್ಲಿ ಬೈಗುಳಗಳ ಮಳೆಯೇ ಸುರಿಯಿತು. ಅತ್ತ ಬಿಳಿಯ ಗಂಡಸಿನ ಜೊತೆ ನಡೆಯುವ ಚೀನೀ ಹೆಣ್ಣಿಗೂ ಕೆಟ್ಟ ಮಾತು ತಪ್ಪುವುದಿಲ್ಲ. 2016ರಲ್ಲಿ ಬೀಜಿಂಗಿನ ಬೀದಿಗಳಲ್ಲಿ ಅಂಟಿಸಿದ ಸರ್ಕಾರಿ ಚಿತ್ರಕಥೆಯೊಂದರಲ್ಲಿ ‘ಡೇವಿಡ್’ ಎಂಬ ಕೆಂಗೂದಲಿನ ವಿದೇಶಿಯನೊಬ್ಬ ಹೂಗುಚ್ಛ ಹಿಡಿದು ಬಂದು, ಸರ್ಕಾರಿ ನೌಕರಿಯ ಯುವತಿಯನ್ನು ಪ್ರೀತಿಸಿ, ಕಡೆಗೆ ಅವಳಿಂದ ಗುಟ್ಟಿನ ಕಡತಗಳನ್ನು ಪಡೆಯುತ್ತಾನೆ. ಕೊನೆಯ ಚಿತ್ರದಲ್ಲಿ ಅವಳ ಕೈಗೆ ಕೋಳವಿದೆ. 2025ರ ಜುಲೈನಲ್ಲಿ ದಾಲಿಯನ್ ನಗರದ ವಿಶ್ವವಿದ್ಯಾಲಯವೊಂದು, ಉಕ್ರೇನಿನ ಇ-ಸ್ಪೋರ್ಟ್ಸ್ ಆಟಗಾರನೊಬ್ಬ ಹರಿಯಬಿಟ್ಟ ವಿಡಿಯೊಗಳಲ್ಲಿ ಕಾಣಿಸಿಕೊಂಡ ವಿದ್ಯಾರ್ಥಿನಿಯನ್ನು, ದೇಶದ ಘನತೆಗೆ ಧಕ್ಕೆ ತಂದಳೆಂದು ಹೊರಹಾಕುವುದಾಗಿ ಪ್ರಕಟಿಸಿತು. ವಿಡಿಯೊ ಹಂಚಿದವನು ಅವನು, ಶಿಕ್ಷೆ ಅವಳಿಗೆ. ಚೀನಾದೊಳಗೇ ಬಹಳ ಜನ ಇದನ್ನು ಖಂಡಿಸಿದ್ದು ಸಮಾಧಾನದ ವಿಷಯ. ಬಿಳಿಯ ಗಂಡಸಿನ ಮೇಲಿನ ಕೋಪ ಬಹುಸಲ ತಟ್ಟುವುದು ಹೀಗೆ ಚೀನೀ ಹೆಣ್ಣಿಗೆ, ಮತ್ತು ಈ ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಕೋಪ ಅಧಿಕೃತ ರೂಪ ಪಡೆದ ವರ್ಷ 2012. ಆ ಮೇ ತಿಂಗಳಲ್ಲಿ ಬ್ರಿಟಿಷನೊಬ್ಬ ಬೀಜಿಂಗಿನ ಬೀದಿಯಲ್ಲಿ ಚೀನೀ ಮಹಿಳೆಯ ಮೇಲೆ ಲೈಂಗಿಕ ದೌರ್ಜನ್ಯಕ್ಕೆ ಯತ್ನಿಸಿದನೆನ್ನಲಾದ ಘಟನೆಯ ವಿಡಿಯೊ ಹರಡಿತು. ಬೆನ್ನಿಗೇ ನಗರದ ಪೊಲೀಸರು ಅಕ್ರಮ ವಿದೇಶಿಯರ ವಿರುದ್ಧ ನೂರು ದಿನಗಳ ಕಾರ್ಯಾಚರಣೆ ಸಾರಿದರು. ಸರ್ಕಾರಿ ಟಿವಿಯ ಇಂಗ್ಲಿಷ್ ನಿರೂಪಕ ಯಾಂಗ್ ರುಯಿ ‘ವಿದೇಶಿ ಕಸ’ವನ್ನು ಗುಡಿಸಬೇಕೆಂದು ಚೀನಾದ ಜಾಲತಾಣ ವೈಬೊದಲ್ಲಿ ಬರೆದರು. ಅಲ್ಲಿಂದಾಚೆಗೆ ಚೀನಾ ಶ್ರೀಮಂತವಾದಂತೆ, ಅದರ ಯುವಜನ ತಾವೇ ವಿದೇಶದಲ್ಲಿ ಓದಿ ಬಂದಂತೆ, ಬಿಳಿಯ ಮುಖದ ಆಕರ್ಷಣೆ ತಗ್ಗುತ್ತಾ ಬಂದಿದೆ. 2021ರ ಜುಲೈನಲ್ಲಿ ಸರ್ಕಾರ ಲಾಭಕ್ಕಾಗಿ ನಡೆಯುವ ಶಾಲಾ ವಿಷಯಗಳ ಟ್ಯೂಷನ್ನನ್ನು ನಿಷೇಧಿಸಿ, ವಿದೇಶದಲ್ಲಿ ಕುಳಿತು ಆನ್‌ಲೈನ್ ಪಾಠ ಮಾಡುವ ಶಿಕ್ಷಕರನ್ನು ನೇಮಿಸದಂತೆ ತಡೆದು, ಶಾಲೆಗೆ ಸೇರದ ಪುಟ್ಟ ಮಕ್ಕಳಿಗೆ ವಿದೇಶಿ ಭಾಷೆಯ ತರಬೇತಿಯನ್ನೂ ನಿಲ್ಲಿಸಿದಾಗ ಆ ಮಾರುಕಟ್ಟೆಯ ಬುಡವೇ ಅಲುಗಿತು. 2022ರ ವಸಂತದಲ್ಲಿ ಶಾಂಘೈ ಕೋವಿಡ್ ಕಾರಣಕ್ಕೆ ಎರಡು ತಿಂಗಳು ಬಾಗಿಲು ಮುಚ್ಚಿದ ನಂತರ ಹೊರಟವರಲ್ಲಿ ಅನೇಕರು ಮರಳಲಿಲ್ಲ.

ಉಳಿದವರಲ್ಲಿ ಕೆಲವರು ಚೀನಾದ ವಿಡಿಯೊ ತಾಣಗಳಾದ ಡೌಯಿನ್, ಬಿಲಿಬಿಲಿಗಳಲ್ಲಿ ಹೊಸ ಜೀವನೋಪಾಯ ಕಂಡುಕೊಂಡಿದ್ದಾರೆ. ವೇಗದ ರೈಲನ್ನು, ಬೀದಿ ತಿಂಡಿಯನ್ನು, ರಾತ್ರಿ ನಿರ್ಭಯವಾಗಿ ನಡೆಯಬಹುದಾದ ಬೀದಿಯನ್ನು ಬಿಳಿಯನೊಬ್ಬ ಚೀನೀ ಭಾಷೆಯಲ್ಲಿ ಹೊಗಳಿದರೆ ವೀಕ್ಷಕರು ಲಕ್ಷಗಟ್ಟಲೆ ಸೇರುತ್ತಾರೆ. ಇದನ್ನು ಚೀನೀಯರೇ ‘ಸಂಪತ್ತಿನ ಪಾಸ್‌ವರ್ಡ್’, ಅಂದರೆ ಸುಲಭವಾಗಿ ಹಣ ಗಳಿಸುವ ಗುಟ್ಟು, ಎಂದು ಗುರುತಿಸಿದ್ದಾರೆ. ಹಿಂದೆ ಬಿಳಿಯ ಮುಖ ಇಂಗ್ಲಿಷಿಗೆ ಪ್ರಮಾಣಪತ್ರವಾಗಿತ್ತು, ಈಗ ಚೀನಾದ ಏಳಿಗೆಗೆ ಪ್ರಮಾಣಪತ್ರ. ಹೊಗಳಿಕೆಯಲ್ಲಿ ಪ್ರಾಮಾಣಿಕತೆ ಇದ್ದೀತು, ಆದರೆ ಅದೇ ಮಾತನ್ನು ನೇಪಾಳದ ವಿದ್ಯಾರ್ಥಿ ಹೇಳಿದರೆ ಅಷ್ಟು ಜನ ಕೇಳುವುದಿಲ್ಲ.

ಭಾರತೀಯರಿಗೆ ಈ ಶ್ರೇಣಿಯ ಬಿಸಿ ತಟ್ಟಿದ್ದು 2025ರಲ್ಲಿ. ವಿಜ್ಞಾನ ಮತ್ತು ತಂತ್ರಜ್ಞಾನದ ಯುವಜನರಿಗೆಂದು ಚೀನಾ ಅಕ್ಟೋಬರ್ 1ರಿಂದ ಕೆ ವೀಸಾ ಜಾರಿ ಮಾಡಿತು. ಅಮೆರಿಕ ಎಚ್-1ಬಿ ಶುಲ್ಕವನ್ನು ಒಂದು ಲಕ್ಷ ಡಾಲರಿಗೆ ಏರಿಸಿದ ದಿನಗಳಲ್ಲೇ ಅದರ ಸುದ್ದಿ ಭಾರತದ ಮಾಧ್ಯಮಗಳಲ್ಲಿ ಉತ್ಸಾಹದಿಂದ ಬಂತು. ಚೀನಾದ ಜಾಲತಾಣಗಳಲ್ಲಿ ಎದ್ದ ವಿರೋಧದಲ್ಲಿ ನಿರುದ್ಯೋಗದ ನ್ಯಾಯವಾದ ಆತಂಕದ ಜೊತೆಗೆ ಭಾರತೀಯರ ಬಗೆಗಿನ ಹೀನ ಮಾತುಗಳೂ ಧಾರಾಳವಾಗಿದ್ದವು. ಅಲ್ಲಿಗೆ ಹೋಗಲು ಯೋಚಿಸುವ ನಮ್ಮ ಎಂಜಿನಿಯರುಗಳು, ವೈದ್ಯಕೀಯ ವಿದ್ಯಾರ್ಥಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಇಷ್ಟಾಗಿಯೂ ಚೀನಾವನ್ನೇ ಮನೆ ಎಂದುಕೊಂಡ ಬಿಳಿಯರಿದ್ದಾರೆ. ಅಲ್ಲೇ ಮದುವೆಯಾಗಿ, ಅತ್ತೆಮಾವಂದಿರ ಜೊತೆ ಬಾಳಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸುವವರು. ಚೀನೀ ಪ್ರಜೆಯ ಗಂಡ ಅಥವಾ ಹೆಂಡತಿಯಾಗಿ ಕುಟುಂಬದ ವಾಸದ ಪರವಾನಗಿ ಪಡೆದವರಿಗೆ ಅದರ ಆಧಾರದಲ್ಲಿ ಕೆಲಸ ಮಾಡುವ ಹಕ್ಕಿಲ್ಲ. ಕೆಲಸದ ಪರವಾನಗಿ ಬೇರೆಯೇ ಬೇಕು, 60 ವರ್ಷ ದಾಟಿದವರಿಗೆ ಅದು ಸಿಗುವುದು ಕಷ್ಟ. ಕಾಯಂ ವಾಸದ ಕಾರ್ಡ್ 2004ರಿಂದ ಇದೆ, ಆದರೆ 2016ರ ಇಡೀ ವರ್ಷದಲ್ಲಿ ಕೊಟ್ಟದ್ದು 1,576. ಪೌರತ್ವವಂತೂ ಇನ್ನೂ ದೂರ. 2010ರ ಜನಗಣತಿಯಲ್ಲಿ ಚೀನೀ ಪೌರತ್ವ ಪಡೆದವರೆಂದು ಲೆಕ್ಕಕ್ಕೆ ಸಿಕ್ಕವರು ಇಡೀ ದೇಶದಲ್ಲಿ 1,448. ಈ ನಿಯಮಗಳನ್ನು ತುಸು ಸಡಿಲಿಸುವ ಕರಡನ್ನು ಸರ್ಕಾರ 2020ರ ಫೆಬ್ರುವರಿ ಕೊನೆಯಲ್ಲಿ ಜನರ ಮುಂದಿಟ್ಟಾಗ, ದೇಶ ವಿದೇಶಿಯರ ಪಾಲಾಗುತ್ತದೆ, ಕಪ್ಪು ವಲಸಿಗರು ತುಂಬಿಕೊಳ್ಳುತ್ತಾರೆ ಎಂಬ ಕೂಗು ಎದ್ದು ಕರಡು ಮೂಲೆ ಸೇರಿತು. 2023ರ ಡಿಸೆಂಬರ್‌ನಿಂದ ಕಾಯಂ ವಾಸದ ಕಾರ್ಡಿಗೆ ಪ್ರಜೆಗಳದರಂತೆಯೇ 18 ಅಂಕಿಯ ಸಂಖ್ಯೆ ಬಂದಿದೆ. ಯಂತ್ರಗಳು ಈಗ ಅದನ್ನು ಓದುತ್ತವೆ. ಆ ಕಾರ್ಡನ್ನು ಯಾರಿಗೆ, ಯಾವ ಆಧಾರದ ಮೇಲೆ, ಎಷ್ಟು ವರ್ಷದ ವಾಸದ ನಂತರ ಕೊಡಬೇಕು ಎಂಬುದನ್ನು ಮತ್ತೆ ಬರೆಯಲು ಹೊರಟಿದ್ದ 2020ರ ಆ ಕರಡು ಮಾತ್ರ ಕಾನೂನಾಗಲಿಲ್ಲ. ಬಣ್ಣವನ್ನು ಮಾರಿಯೋ ಮರೆತೋ ಅಲ್ಲಿ ಮುಪ್ಪಾಗುತ್ತಿರುವ ಶಿಕ್ಷಕರು, ಅಳಿಯಂದಿರು, ಸೊಸೆಯಂದಿರು ವಾಸದ ಪರವಾನಗಿಯ ನವೀಕರಣಕ್ಕಾಗಿ ಇಂದಿಗೂ ಅವಧಿ ಮುಗಿಯುವ ಮೊದಲೇ ಪೊಲೀಸರ ವಲಸೆ ಕಚೇರಿಯಲ್ಲಿ ಅರ್ಜಿ ಸಲ್ಲಿಸುತ್ತಿದ್ದಾರೆ.